ಉರಿಯೊಳಗಿನ ಕೀಲೆಣ್ಣೆ

ಎನ್. ಬೇಗೂರಿನ ಸೀಮೆಯಲ್ಲಿ ದೂರದ ಪಯಣಕ್ಕೆ ಮುನ್ನ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ರೂಢಿಯಾಗಿತ್ತು. ಘರ್ಷಣೆ ಕಬ್ಬಿಣವನ್ನೂ ಸವೆಸುತ್ತದೆಂದು ರೈತರು ಬಲ್ಲವರಾಗಿದ್ದರು. ಆದರೆ ಎಣ್ಣೆಯೇ ಉರಿದುಹೋಗುವ ಕಾವಿನಲ್ಲಿ ಯಂತ್ರಕ್ಕೆ ಗತಿಯೇನು?

ಟೈಟೇನಿಯಂ ಲೋಹವೂ ಬೋರಾನೂ ಕೂಡಿ ಆದ ಟೈಟೇನಿಯಂ ಡೈಬೋರೈಡ್ ಎಂಬ ಕಡುಗಟ್ಟಿ ವಸ್ತು ಸುಮಾರು 3,200 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದು. ಆದರೂ ಸವೆತದಿಂದ ಅದನ್ನು ಕಾಯುವುದು ಕಾಠಿಣ್ಯವೊಂದೇ ಅಲ್ಲ. ಕಾದ ಮೈ ಗಾಳಿಯ ಆಮ್ಲಜನಕದೊಡನೆ ಬೆರೆತು ಬೋರಾನ್ ಆಕ್ಸೈಡಿನ ಪದರವನ್ನು ತಳೆಯುತ್ತದೆ. ಸುಮಾರು 450 ಡಿಗ್ರಿಯಲ್ಲಿ ಆ ಪದರ ಕರಗಿ ಜಾರುವ ಲೇಪವಾಗುತ್ತದೆ. ತಣಿದ ಮೇಲೆ ಅದೇ ತೇವವನ್ನು ಹೀರಿ ಬೋರಿಕ್ ಆಮ್ಲವಾಗುತ್ತದೆ. ಕೇರಂ ಹಲಗೆಯ ಮೇಲೆ ಉದುರಿಸುವ ಬೋರಿಕ್ ಪುಡಿಯೂ ಅದೇ.

ತನ್ನನ್ನು ತುಸು ಸುಟ್ಟುಕೊಂಡು ಉಳಿದುದನ್ನು ಕಾಯುವ ಈ ಗುಣಕ್ಕೂ ಮಿತಿಯುಂಟು. ಸುಮಾರು 1,100 ಡಿಗ್ರಿ ದಾಟಿದರೆ ಲೇಪ ಬೇಗಬೇಗನೆ ಆವಿಯಾಗುತ್ತದೆ, ಮೈ ಬರಿದಾಗುತ್ತದೆ. ಯಂತ್ರ ಕಟ್ಟುವವನು ವಸ್ತುವಿನ ಬಲದ ಜೊತೆಗೆ ಈ ಮಿತಿಯನ್ನೂ ಅರಿತಿರಬೇಕು.