ಪದವಿನ ಮೇಲೊಂದು ವಿಮಾನ ನಿಲ್ದಾಣ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನ ಓದಿದವರಿಗೆ ವಿಮಾನ ನಿಲ್ದಾಣದ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಓಡುಪಥವೂ ಮಣ್ಣಿನ ಮೇಲೆಯೇ ನಿಲ್ಲುತ್ತದೆ. ಅದರ ಮೇಲೆ ಬಿದ್ದ ಮಳೆ ಕೊನೆಗೆ ಯಾರದೋ ಗದ್ದೆಗೆ, ಯಾರದೋ ತೋಟಕ್ಕೆ ಇಳಿಯುತ್ತದೆ. ನನ್ನ ಅಧಿಕಾರ ಅಷ್ಟರ ಮಟ್ಟಿನದು. ಗುಡ್ಡಗಾಡಿನಲ್ಲಿ ಓಡುಪಥ ಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತಿರುವುದರಿಂದ, ನಮಗೆ ಹತ್ತಿರದ ಮಂಗಳೂರಿನ ನಿಲ್ದಾಣವನ್ನೇ ಮುಂದಿಟ್ಟುಕೊಂಡು ಕೆಲವು ಸಂಗತಿಗಳನ್ನು ಹೇಳಬಯಸುತ್ತೇನೆ.

ಬಜಪೆಯ ಪದವಿನ ಮೇಲೆ 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟಾ ವಿಮಾನ ಇಳಿಯುವುದರೊಂದಿಗೆ ಈ ನಿಲ್ದಾಣದ ಬದುಕು ಆರಂಭವಾಯಿತು. ಅಂದಿನ ಪಥದ ಉದ್ದ ಕೇವಲ 1,615 ಮೀಟರ್. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ವಿಮಾನವೊಂದು ಆ ಪಥವನ್ನು ದಾಟಿ ಅಂಚಿನವರೆಗೂ ಹೋಯಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. 2,450 ಮೀಟರ್ ಉದ್ದದ ಎರಡನೆಯ ಪಥ 2006ರಲ್ಲಿ ಬಳಕೆಗೆ ಬಂತು, ಅದೇ ವರ್ಷ ದುಬೈಗೆ ನೇರ ಹಾರಾಟವೂ ಮೊದಲಾಯಿತು. ಕೆಂಜಾರಿನ ಕಡೆಯ ಹೊಸ ಟರ್ಮಿನಲ್ 2010ರಲ್ಲಿ, ಅಂತರರಾಷ್ಟ್ರೀಯ ನಿಲ್ದಾಣವೆಂಬ ಅಧಿಕೃತ ಮನ್ನಣೆ 2012ರಲ್ಲಿ. 2020ರ ಅಕ್ಟೋಬರ್ 31ರಿಂದ ನಿರ್ವಹಣೆ ಅದಾನಿ ಸಮೂಹದ ಕೈಯಲ್ಲಿದೆ.

ಹೊಸ ಪಥದ ಎರಡು ತುದಿಗಳಲ್ಲಿ 06 ಮತ್ತು 24 ಎಂಬ ಅಂಕಿಗಳನ್ನು ಬರೆದಿರುತ್ತಾರೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ದಿಕ್ಸೂಚಿಯ 60 ಮತ್ತು 240 ಡಿಗ್ರಿಗಳ ಕೊನೆಯ ಸೊನ್ನೆಯನ್ನು ಬಿಟ್ಟರೆ ಈ ಅಂಕಿಗಳು ಬರುತ್ತವೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಆದ್ದರಿಂದ ನೈಋತ್ಯ ಮುಂಗಾರಿನ ಗಾಳಿ ಬೀಸುವಾಗ ನೈಋತ್ಯಕ್ಕೇ ಮುಖಮಾಡಿದ 24ನೆಯ ಪಥ ಅನುಕೂಲಕರ. ನಮ್ಮ ಹಿರಿಯರು ರಾಶಿ ತೂರಲು ಗಾಳಿಯ ದಿಕ್ಕು ನೋಡಿ ನಿಲ್ಲುತ್ತಿದ್ದುದರಲ್ಲೂ ಇದೇ ವಿವೇಕವಿದೆ.

ಆ ಪಥದಲ್ಲಿಯೇ 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಂಚು ದಾಟಿ ಕಣಿವೆಗೆ ಉರುಳಿ 158 ಜನ ಸತ್ತರು. ಉಳಿದವರು ಎಂಟೇ ಮಂದಿ. ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯವು, ಸಹ ಪೈಲಟ್ ಎಚ್ಚರಿಸಿದರೂ ಮುಖ್ಯ ಪೈಲಟ್ ಇಳಿಯುವ ಯತ್ನವನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣವೆಂದಿತು. ಪಥದ ಮೂರನೆಯ ಎರಡರಷ್ಟು ದೂರ ಕಳೆದ ಮೇಲೆ ಗಾಲಿಗಳು ನೆಲ ಮುಟ್ಟಿದ್ದವು. ತಪ್ಪು ಮನುಷ್ಯನದೇ, ನಿಜ. ಆದರೆ ಬಯಲುಸೀಮೆಯ ನಿಲ್ದಾಣದಲ್ಲಿ ಅದೇ ತಪ್ಪನ್ನು ಹೊಲವೊಂದು ಕ್ಷಮಿಸಬಹುದಿತ್ತು. ಪದವಿನ ಮೇಲೆ ಪಥದ ತುದಿಯ ಆಚೆ ಇರುವುದು ಗಾಳಿ. 2020ರ ಆಗಸ್ಟ್ 7ರ ಮಳೆಯ ರಾತ್ರಿ ಇಂಥದೇ ನೆಲದ ಕೋಯಿಕ್ಕೋಡಿನಲ್ಲಿ ಮತ್ತೊಂದು ವಿಮಾನ ಅಂಚು ದಾಟಿತು.

ಹಾಗಾದರೆ ಪಥವನ್ನು ಇನ್ನಷ್ಟು ಉದ್ದ ಮಾಡಬಾರದೇ? ಮಾಡಬಹುದು, ಆದರೆ ಗುಡ್ಡದ ಮೇಲೆ ಉದ್ದವೆಂದರೆ ಕಣಿವೆಯನ್ನು ತುಂಬುವುದು ಎಂದರ್ಥ. ಇಲ್ಲಿ ಮಣ್ಣಿನ ಮಾತು ಬರುತ್ತದೆ. ಕರಾವಳಿಯ ಪದವುಗಳ ಮೇಲ್ಪದರ ಮುರಕಲ್ಲು. ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಗುಲಿದಂತೆ ಗಟ್ಟಿಯಾಗುವ ವಿಶೇಷ ಗುಣ ಅದರದು. ಅದರ ಕೆಳಗಿನ ಶೇಡಿಮಣ್ಣು ಇದಕ್ಕೆ ತದ್ವಿರುದ್ಧ: ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದಾಗ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಮುರಕಲ್ಲಿನ ಹೊದಿಕೆಯನ್ನು ಕಡಿದು ಶೇಡಿಯನ್ನು ಬಿಸಿಲಿಗೆ ತೆರೆದಿಟ್ಟವರಿಗೆ ಬೇಸಗೆಯಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ತೊಂದರೆ ಕಾಣುವುದು ಆಟಿ ತಿಂಗಳಲ್ಲಿ, ಅದೂ ಕೆಳಗಿನ ಮನೆಯವರಿಗೆ.

ಇನ್ನು ನೀರು. ಪದವೆಂದರೆ ಪಾಳುಭೂಮಿ ಎಂದು ಕಂದಾಯದ ಕಡತಗಳು ಬಗೆದಿರಬಹುದು. ಕೃಷಿಕರು ಹಾಗೆ ಬಗೆಯುವಂತಿಲ್ಲ. ಮುರಕಲ್ಲಿನ ರಂಧ್ರಗಳಲ್ಲಿ ಇಂಗಿದ ಮಳೆಯೇ ಬುಡದಲ್ಲಿ ಒರತೆಯಾಗಿ, ಸುರಂಗದ ನೀರಾಗಿ, ಬಾವಿಯ ಮಟ್ಟವಾಗಿ ಹೊರಬರುತ್ತದೆ. ಗುಡ್ಡದ ಮೇಲೆ ಮದಕಗಳನ್ನು ಉಳಿಸಿಕೊಂಡ ಹಿಂದಿನವರಿಗೆ ಈ ಲೆಕ್ಕ ತಿಳಿದಿತ್ತು. ನಾವೂ ಒಂದು ಲೆಕ್ಕ ಮಾಡೋಣ. ಓಡುಪಥದ ಉದ್ದ 2,450 ಮೀಟರ್, ಅಗಲ 45 ಮೀಟರ್; ಅಂದರೆ ಸುಮಾರು 11 ಹೆಕ್ಟೇರ್. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆಯೆಂದು ಹಿಡಿದರೂ ಪಥವೊಂದರ ಮೇಲೆಯೇ 38 ಕೋಟಿ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಒಂದೇ ದಿನ 200 ಮಿಲಿಮೀಟರ್ ಸುರಿದರೆ ಎರಡು ಕೋಟಿ ಲೀಟರಿಗೂ ಹೆಚ್ಚು. ಟರ್ಮಿನಲ್, ವಿಮಾನ ನಿಲ್ಲುವ ಅಂಗಳ, ವಾಹನಗಳ ಬಯಲು, ರಸ್ತೆ ಇವು ಬೇರೆ. ವಿಮಾನದ ಗಾಲಿ ಜಾರದಿರಲು ಪಥದ ಮೇಲೆ ನೀರು ನಿಲ್ಲಲೇಬಾರದು, ಆದ್ದರಿಂದ ಅದನ್ನು ಸಾಧ್ಯವಾದಷ್ಟು ಬೇಗ ಹೊರದಬ್ಬುವುದೇ ಎಂಜಿನಿಯರರ ಧರ್ಮ. ಅದನ್ನು ನಿಧಾನಗೊಳಿಸಿ ಇಂಗಿಸುವುದು ಯಾರ ಧರ್ಮವೆಂಬುದನ್ನು ಯೋಜನಾ ವರದಿಗಳು ಸ್ಪಷ್ಟಪಡಿಸಬೇಕು.

ಹಕ್ಕಿಗಳ ಸಂಗತಿಯನ್ನೂ ಹೇಳಬೇಕು. ನಿಲ್ದಾಣದ ಹುಲ್ಲು ನೋಡಲು ಸಾಧಾರಣ ಹುಲ್ಲೇ. ಆದರೆ ತೀರಾ ಗಿಡ್ಡವಾದರೆ ಹುಳು ಹೆಕ್ಕುವ ಬೆಳ್ಳಕ್ಕಿಗಳು, ಕಾಳುಗಟ್ಟಲು ಬಿಟ್ಟರೆ ಕಾಳು ತಿನ್ನುವ ಹಕ್ಕಿಗಳು ಸೇರುತ್ತವೆ. ಎಂಜಿನ್ನಿಗೆ ಹಕ್ಕಿ ಸಿಕ್ಕಿದರೆ ಅಪಾಯವಿರುವುದರಿಂದಲೇ 1937ರ ವಿಮಾನ ನಿಯಮಗಳು ನಿಲ್ದಾಣದ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಚೆಲ್ಲುವುದನ್ನು ನಿಷೇಧಿಸಿದವು. ಮಂಗಳೂರು ನಗರದ ಕಸದ ರಾಶಿ ಬೆಳೆದ ಪಚ್ಚನಾಡಿ ಮಾತ್ರ ಆ ಮಿತಿಯ ಒಳಗೇ ಇದೆ. 2019ರ ಆಗಸ್ಟ್ ಮಳೆಗೆ ಆ ರಾಶಿಯೇ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು. ನಿಯಮ ಪಾಲನೆಯಾಗಿದ್ದರೆ ವಿಮಾನಕ್ಕೂ ಕ್ಷೇಮ, ತೋಟಕ್ಕೂ ಕ್ಷೇಮವಾಗುತ್ತಿತ್ತು. ಅಂದಹಾಗೆ, ಇಳಿಯುವ ಹಾದಿಯಲ್ಲಿ ಮಿತಿ ಮೀರಿ ಎತ್ತರ ಬೆಳೆದ ಮರವೂ ಕಾನೂನಿನ ಕಣ್ಣಿಗೆ ಅಡಚಣೆಯೇ. ತೆಂಗು ಹಾಕುವವರು ಇದನ್ನು ಮೊದಲೇ ತಿಳಿದಿರುವುದು ಲೇಸು.

ನಿಲ್ದಾಣವೇ ಬೇಡವೆಂಬುದು ನನ್ನ ವಾದವಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಅದರ ಬೆಲೆ ಗೊತ್ತು. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮುಂಬಯಿ ತಲುಪಬೇಕಾದ ಕೃಷಿಕರಿಗೂ ಗೊತ್ತು. ನನ್ನ ಕಳಕಳಿ ನಮ್ಮೂರಿಗೆ ಸರ್ವೆಯವರು ಬರುವ ದಿನದ ಕುರಿತದ್ದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ವಿಮಾನ ನಿಲ್ದಾಣಕ್ಕೆ ಪರಿಸರ ಅನುಮತಿ ಬೇಕು. ಸಾರ್ವಜನಿಕ ಅಹವಾಲು ನಡೆಯುವುದಾದರೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಹೊರಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ದೊರೆಯಬೇಕು. ಆದರೆ ಇಂಧನ ತುಂಬುವ, ಸಂಗ್ರಹಿಸುವ ವ್ಯವಸ್ಥೆಯಿಲ್ಲದ ಕಿರು ಪಥಗಳಿಗೆ 2009ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಗುಡ್ಡಗಾಡಿಗೆ ಮೊದಲು ಬರುವುದು ಬಹುಶಃ ಅಂಥ ಕಿರು ಪಥವೇ, ಆದಕಾರಣ ಅಹವಾಲಿಗಾಗಿ ಕಾಯುತ್ತ ಕೂರಬೇಡಿ, ಗ್ರಾಮಸಭೆಯಲ್ಲೇ ಕೇಳಿ. ನಕ್ಷೆ ಕೈಗೆ ಸಿಕ್ಕಾಗ ಟರ್ಮಿನಲ್ಲಿನ ಚಿತ್ರ ಆಮೇಲೆ ನೋಡಿದರಾಯಿತು. ಚರಂಡಿಯ ಗೆರೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಸಾಗಿ, ಅದರ ಬಾಯಿ ಯಾವ ಸರ್ವೆ ನಂಬರಿನಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಬರೆದುಕೊಳ್ಳಿ.