ಮೂರು ಸಂಬಳ ದುಡಿಯಬೇಕಾದ ಗಾಡಿ

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಅಕ್ಷರ ರೂಪ. ಮಾತಾಡಿದವರು ಬೆಂಗಳೂರಿನಲ್ಲಿ ಸ್ವಂತ ಗಾಡಿ ಇಟ್ಟುಕೊಂಡು ಮನೆಗಳಿಗೆ ಫರ್ನಿಚರ್ ತಲುಪಿಸುವ ಚಾಲಕ-ಮಾಲೀಕರು. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ.)

ನಂದೊಂದು ಟಾಟಾ ಏಸ್ ಇದೆ. ನೀವೆಲ್ಲ ಛೋಟಾ ಹಾಥಿ ಅಂತೀರಲ್ಲ, ಅದೇ. ಸೋಫಾ, ಮಂಚ, ಬೀರು, ಡೈನಿಂಗ್ ಟೇಬಲ್, ಇವನ್ನ ಅಂಗಡಿಯಿಂದ ತಂದು ಮನೆ ಒಳಗೆ ಇಟ್ಟು, ಬೋಲ್ಟ್ ಹಾಕಿ ಜೋಡಿಸಿ ಕೊಡೋದು ನನ್ನ ಕೆಲಸ. ಈ ಲೈನಿಗೆ ಬಂದು ಏಳು ವರ್ಷ ಆಯ್ತು. ಮೊದಲ ಮೂರು ವರ್ಷ ಬೇರೆಯವರ ಗಾಡಿ ಓಡಿಸಿದೆ. ಆಮೇಲೆ ಸಾಲ ಮಾಡಿ ಸ್ವಂತದ್ದು ತಗೊಂಡೆ.

ನಮ್ಮೂರ ಕಡೆ ಹುಡುಗರು ಆಗಾಗ ಫೋನ್ ಮಾಡ್ತಾರೆ. "ಅಣ್ಣ, ದಿನಕ್ಕೆ ನಾಲ್ಕು ಸಾವಿರ ಬರುತ್ತಂತಲ್ಲ, ನಾನೂ ಒಂದು ಗಾಡಿ ತಗೊಳ್ಳಲಾ?" ಅಂತ ಕೇಳ್ತಾರೆ. ಬರುತ್ತೆ, ಸುಳ್ಳಲ್ಲ. ಆದರೆ ಆ ನಾಲ್ಕು ಸಾವಿರ ಯಾರದ್ದು ಅನ್ನೋದನ್ನ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಲಿಯೋಕೆ ಎರಡು ವರ್ಷ ಬೇಕಾಯ್ತು, ದುಡ್ಡೂ ಹೋಯ್ತು. ಇವತ್ತು ಅದನ್ನೇ ಹೇಳ್ತೀನಿ.

ಮೊದಲು ನನ್ನ ಡೈರಿಯಿಂದ ಒಂದು ಒಳ್ಳೆ ದಿನದ ಲೆಕ್ಕ. ಮೂರು ಟ್ರಿಪ್, ಬಾಡಿಗೆ ಒಟ್ಟು 4,200 ರೂಪಾಯಿ. ಡೀಸೆಲ್ 550. ಜೊತೆಗೆ ಬರೋ ಹುಡುಗನಿಗೆ ಕೂಲಿ 1,000. ಊಟ, ಟೀ, ಪಾರ್ಕಿಂಗ್ ಎಲ್ಲ ಸೇರಿ 250. ಇಷ್ಟು ಕಳೆದರೆ 2,400 ಉಳಿಯುತ್ತೆ. ಮೊದಲ ವರ್ಷ ಇದೇ ನನ್ನ ಸಂಪಾದನೆ ಅಂದುಕೊಂಡಿದ್ದೆ. ರಾತ್ರಿ ಮನೆಗೆ ಹೋಗಿ ಹೆಂಡತಿ ಕೈಗೆ ದುಡ್ಡು ಕೊಡುವಾಗ ಖುಷಿಯೋ ಖುಷಿ.

ಆದರೆ ತಿಂಗಳಿಗೆ ಇಎಂಐ 13,000. ಇನ್ಶೂರೆನ್ಸ್, ಎಫ್‌ಸಿ, ಟೈರು, ಸರ್ವೀಸು, ಬ್ಯಾಟರಿ, ಇವೆಲ್ಲ ವರ್ಷಕ್ಕೆ ನನಗೆ 78,000 ಆಗುತ್ತೆ. ತಿಂಗಳಿಗೆ ಹಂಚಿದರೆ 6,500. ಅಂದರೆ ಗಾಡಿ ಓಡಲಿ ಬಿಡಲಿ, ತಿಂಗಳಿಗೆ 19,500 ಹೋಗೇ ಹೋಗುತ್ತೆ. 22 ದಿನ ಕೆಲಸ ಸಿಕ್ಕರೆ 52,800 ಬರುತ್ತೆ, ಅದರಲ್ಲಿ 33,300 ನನಗೆ ಉಳಿಯುತ್ತೆ. ಪರವಾಗಿಲ್ಲ ಅನ್ನಿ.

ಈಗ ಆಷಾಢ ಬಂತು ಅಂದುಕೊಳ್ಳಿ. ನಮ್ಮ ಜನ ಆಷಾಢದಲ್ಲಿ ಗೃಹಪ್ರವೇಶ ಮಾಡಲ್ಲ, ಮದುವೆ ಮಾಡಲ್ಲ, ಮನೆ ಬದಲಾಯಿಸೋಕೂ ಹಿಂದೆ ಮುಂದೆ ನೋಡ್ತಾರೆ. ಅಂಗಡಿಯವರು ಆಷಾಢ ಆಫರ್ ಅಂತ ಬೋರ್ಡ್ ಹಾಕ್ತಾರೆ, ಜನ ಬುಕ್ ಮಾಡಿ "ಶ್ರಾವಣದಲ್ಲಿ ತಂದುಕೊಡಿ" ಅಂತಾರೆ. ಆ ತಿಂಗಳು ನನಗೆ 12 ದಿನ ಕೆಲಸ ಸಿಕ್ಕಿತ್ತು. 28,800 ಬಂತು, 19,500 ಹೋಯ್ತು. ಉಳಿದಿದ್ದು 9,300. ನಮ್ಮ ಮನೆ ಬಾಡಿಗೆ 9,000. ಮಿಕ್ಕ 300 ರೂಪಾಯಿಯಲ್ಲಿ ತಿಂಗಳು ತಳ್ಳಬೇಕಿತ್ತು. ಒಳ್ಳೆ ತಿಂಗಳ ದುಡ್ಡು ಏನಾಯ್ತು ಅಂತ ಕೇಳಬೇಡಿ. ಅದನ್ನ ಸಂಬಳ ಅಂದುಕೊಂಡು ಖರ್ಚು ಮಾಡಿ ಆಗಿತ್ತು.

ಅವತ್ತು ಒಂದು ವಿಷಯ ಗೊತ್ತಾಯ್ತು. ಗಾಡಿ ದುಡಿಯೋದು ಇಬ್ಬರಿಗೆ. ಡ್ರೈವರ್ ಆಗಿ ನನಗೊಂದು ಸಂಬಳ, ಗಾಡಿಗೇ ಒಂದು ಸಂಬಳ. ಗಾಡಿ ಸಂಬಳ ಮುಟ್ಟಿದರೆ ಇವತ್ತಲ್ಲ ನಾಳೆ ಟೈರ್ ಅಂಗಡಿ ಮುಂದೆ ಸಾಲ ಹೇಳಬೇಕು.

ಮೂರನೇ ಸಂಬಳ ಇದೆ ಅಂತ ಆಗ ನನಗೆ ಹೊಳೆದಿರಲಿಲ್ಲ. ಅದನ್ನ ಕಲಿಸಿದ್ದು ಒಂದು ಬೀರು.

ಮಳೆಗಾಲ, ಸಂಜೆ ಏಳು ಗಂಟೆ. ವಿಜಯನಗರದ ಹತ್ತಿರ ಒಂದು ಸಣ್ಣ ಗಲ್ಲಿ. ಮೂರು ಬಾಗಿಲಿನ ಮರದ ಬೀರು. ಫೋನಲ್ಲಿ ಕೇಳಿದಾಗ "ಗ್ರೌಂಡ್ ಫ್ಲೋರ್" ಅಂದಿದ್ದರು. ಹೋಗಿ ನೋಡಿದರೆ ಗ್ರೌಂಡ್ ಫ್ಲೋರ್ ಓನರ್ ಮನೆ, ಬೀರು ಹೋಗಬೇಕಾಗಿದ್ದು ಮೂರನೇ ಮಹಡಿಗೆ. ಲಿಫ್ಟ್ ಇಲ್ಲ. ಮೆಟ್ಟಿಲು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು. "300 ಜಾಸ್ತಿ ಕೊಡ್ತೀವಿ, ಹತ್ತಿಸಿಬಿಡಿ" ಅಂದರು. ವಾಪಸ್ ತಗೊಂಡು ಹೋದರೆ ಟ್ರಿಪ್ ದುಡ್ಡೂ ಇಲ್ಲ, ಅಂಗಡಿಯವರ ಹತ್ತಿರ ಬೈಗುಳ ಬೇರೆ. ನಾನು ಹೂಂ ಅಂದೆ.

ಬೀರು ಹತ್ತಿಸುವಾಗ ಪೂರ್ತಿ ಭಾರ ಕೆಳಗೆ ಇರೋನ ಮೇಲೆ ಬರುತ್ತೆ. ಅವತ್ತು ಕೆಳಗಿದ್ದವನು ನನ್ನ ಜೊತೆಗಿದ್ದ ಹುಡುಗ. ಎರಡನೇ ಮಹಡಿಯ ತಿರುವಿನಲ್ಲಿ ಒದ್ದೆ ಚಪ್ಪಲಿ ಜಾರಿತು. ಬೀರು ಗೋಡೆಗೆ ಸಿಕ್ಕಿಕೊಂಡಿದ್ದಕ್ಕೆ ಅವನು ಬದುಕಿದ. ಆದರೆ ಕಾಲಿನ ಗಿಣ್ಣು ಮುರೀತು.

ಆಸ್ಪತ್ರೆ ಖರ್ಚು 28,000. ಗ್ರಾಹಕರು ಪಾಪ 500 ರೂಪಾಯಿ ಕೈಗೆ ಕೊಟ್ಟು ಬಾಗಿಲು ಹಾಕ್ಕೊಂಡರು. ಅಂಗಡಿಯವರು "ನಾವು ಬಾಡಿಗೆ ಕೊಡೋದು ನಿಮಗೆ, ಅವನು ಯಾರೋ ನಮಗೆ ಗೊತ್ತಿಲ್ಲ" ಅಂದರು. ಕೋಪ ಬಂತು. ಆದರೆ ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತಾಗ ಅನ್ನಿಸಿತು: ಅವರು ಹೇಳಿದ್ದರಲ್ಲಿ ಒಂದು ನಿಜ ಇದೆ. ಅವನನ್ನ ಕೆಲಸಕ್ಕೆ ಕರೆದಿದ್ದು ನಾನು. ಬೀರು ಹತ್ತಿಸೋಣ ಅಂದಿದ್ದೂ ನಾನು. ನಾನು ಬರೀ ಡ್ರೈವರ್ ಅಲ್ಲ, ಬರೀ ಗಾಡಿ ಓನರ್ ಅಲ್ಲ, ಒಬ್ಬನಿಗೆ ಧಣಿ ಕೂಡ.

ಹೆಂಡತಿ ಸರ ಅಡ ಇಟ್ಟು ಬಿಲ್ ಕಟ್ಟಿದ್ವಿ. ಅವನು ಮನೆಯಲ್ಲಿದ್ದ ಆರು ವಾರ ಅರ್ಧ ಕೂಲಿ ಕೊಟ್ಟೆ, ಪೂರ್ತಿ ಕೊಡೋಕೆ ಆಗಲಿಲ್ಲ. ಎರಡು ಇಎಂಐ ತಪ್ಪಿತು, ಫೈನಾನ್ಸ್‌ನವರು ಗಾಡಿ ಎತ್ತುತ್ತೀವಿ ಅಂತ ಫೋನ್ ಶುರು ಮಾಡಿದರು. ಹೇಗೋ ದಾಟಿದ್ವಿ. ಹುಡುಗ ಈಗ ಊರಲ್ಲಿದ್ದಾನೆ, ನಡೀತಾನೆ, ಭಾರ ಎತ್ತೋ ಕೆಲಸ ಬಿಟ್ಟ. ಹಬ್ಬಕ್ಕೆ ಹೋದಾಗ ಮಾತಾಡಿಸ್ತಾನೆ. ಅವನು ನನ್ನನ್ನ ಏನೂ ಅನ್ನಲ್ಲ, ನನಗೇ ಮುಖ ಕೊಟ್ಟು ಮಾತಾಡೋಕೆ ಕಷ್ಟ.

ಆಮೇಲೆ ಏನು ಬದಲಾಯಿಸಿದೆ ಅಂತ ಹೇಳ್ತೀನಿ, ಗಾಡಿ ತಗೋಬೇಕು ಅನ್ನೋರು ಗಮನ ಇಟ್ಟು ಕೇಳಿ.

ಒಂದು, ಇನ್ಶೂರೆನ್ಸ್. ಗೂಡ್ಸ್ ಗಾಡಿ ಪಾಲಿಸಿಯಲ್ಲಿ ಲೋಡಿಂಗ್, ಅನ್‌ಲೋಡಿಂಗ್ ಮಾಡೋ ಕೆಲಸಗಾರರನ್ನ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿ ಸೇರಿಸಬಹುದು. ನನ್ನ ಏಜೆಂಟ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಯಾವುದಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ ಅಂತ ಬಾಯಿಮಾತಲ್ಲಿ ಬಿಡಬೇಡಿ, ಬರೆಸಿಕೊಳ್ಳಿ. ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಬ್ಯಾಂಕ್ ಖಾತೆ ಇದ್ದರೆ ಸಾಕು, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. ಆಸ್ಪತ್ರೆ ಬಿಲ್ ಅದರಲ್ಲಿ ಬರಲ್ಲ, ಅದು ನೆನಪಿರಲಿ. ಈಗ ನನ್ನ ಜೊತೆ ಕೆಲಸಕ್ಕೆ ಬರೋರಿಗೆ ಮೊದಲ ವಾರವೇ ಬ್ಯಾಂಕಿಗೆ ಕರ್ಕೊಂಡು ಹೋಗಿ ಇದನ್ನ ಮಾಡಿಸ್ತೀನಿ.

ಆ್ಯಪ್ ಕೆಲಸ ಮಾಡೋರಿಗೆ ಅಂತ 2025ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು, ಒಳ್ಳೆಯದೇ. ಆದರೆ ಆ್ಯಪ್‌ನಲ್ಲಿ ಹೆಸರು ಇರೋದು ನಂದು. ನನ್ನ ಜೊತೆ ಬೀರು ಹೊರೋನ ಹೆಸರು ಅಲ್ಲಿ ಇಲ್ಲ. ಅವನನ್ನ ನೋಡ್ಕೊಳ್ಳೋದು ನಾನೇ.

ಎರಡು, ಬಾಡಿಗೆ ಹೇಳೋ ಮೊದಲು ಪ್ರಶ್ನೆ ಕೇಳ್ತೀನಿ. ಎಷ್ಟನೇ ಮಹಡಿ? ಲಿಫ್ಟ್ ಇದೆಯಾ, ಅದರೊಳಗೆ ಸಾಮಾನು ಹಿಡಿಯುತ್ತಾ? ಗಾಡಿ ಬಾಗಿಲವರೆಗೂ ಬರುತ್ತಾ? ಮೆಟ್ಟಿಲಿನ ಫೋಟೋ ವಾಟ್ಸ್ಆ್ಯಪ್ ಮಾಡಿ ಅಂತೀನಿ. ಮಹಡಿಗೆ ಇಷ್ಟು ಅಂತ ಮೊದಲೇ ಹೇಳ್ತೀನಿ, ಎರಡನೇ ಮಹಡಿ ದಾಟಿದರೆ ಇನ್ನೊಬ್ಬನನ್ನ ಕರ್ಕೊಂಡೇ ಹೋಗ್ತೀನಿ. ಕೆಲವರು "ಬೇರೆಯವರು ಕಮ್ಮಿಗೆ ಬರ್ತಾರೆ" ಅಂತ ಫೋನ್ ಇಡ್ತಾರೆ. ಇಡಲಿ. ಈ ವರ್ಷ ಮೂರು ಕೆಲಸ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದೀನಿ. ಡೀಸೆಲ್ ಹೋಯ್ತು, ಕಾಲು ಉಳೀತು.

ಮೂರು, ದಿನಾ 300 ರೂಪಾಯಿ ಬೇರೆ ಖಾತೆಗೆ ಹಾಕ್ತೀನಿ. ಅದು ಗಾಡಿದು. ಆಷಾಢದಲ್ಲಿ ಇಎಂಐ ಅಲ್ಲಿಂದ ಹೋಗುತ್ತೆ.

ಇನ್ನು ಕಾಗದಪತ್ರ. ಏಸ್ ತರದ ಗಾಡಿಗೆ ಹೆವಿ ಲೈಸೆನ್ಸ್ ಬೇಡ. ಒಟ್ಟು ತೂಕ 7,500 ಕೆಜಿವರೆಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಎಫ್‌ಸಿ ಗಾಡಿಗೆ ಎಂಟು ವರ್ಷ ಆಗೋವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಈ ಲೆಕ್ಕ ಮರೀಬೇಡಿ. ಮತ್ತೆ, ಗ್ರಾಹಕರ ಮನೆಯವರನ್ನ ಸೋಫಾ ಮೇಲೆ ಕೂರಿಸ್ಕೊಂಡು ಹೋಗೋದು ಬೇಡವೇ ಬೇಡ. ಹಿಂದೆ ಜನ ಕೂತಿದ್ದಾಗ ಏನಾದರೂ ಆದರೆ ಅದೂ ನಿಮ್ಮ ತಲೆ ಮೇಲೇ.

ಗಾಡಿ ಇಲ್ಲದೋರು, ಅಂದರೆ ಫರ್ನಿಚರ್ ತರಿಸಿಕೊಳ್ಳೋರಿಗೂ ಒಂದು ಮಾತು. ಬುಕ್ ಮಾಡೋ ಮೊದಲು ಟೇಪ್ ಹಿಡಿದು ಬಾಗಿಲು, ಮೆಟ್ಟಿಲ ತಿರುವು ಅಳೀರಿ. ಸೋಫಾದ ಉದ್ದ ಅಷ್ಟು ಮುಖ್ಯ ಅಲ್ಲ, ನಿಲ್ಲಿಸಿ ಒಳಗೆ ಹಾಕಬಹುದು. ಅದರ ಎತ್ತರ, ಆಳ ಎರಡರಲ್ಲಿ ಯಾವುದು ಕಮ್ಮಿಯೋ ಅದು ಬಾಗಿಲ ಅಗಲಕ್ಕಿಂತ ಚಿಕ್ಕದಿದೆಯಾ ನೋಡಿ. ಅಪಾರ್ಟ್‌ಮೆಂಟ್ ಆದರೆ ಸರ್ವೀಸ್ ಲಿಫ್ಟ್ ಟೈಮ್ ಕೇಳಿ, ಗೇಟಿಗೆ ಮೊದಲೇ ಹೇಳಿಡಿ. ಗೇಟಲ್ಲಿ ಒಂದು ಗಂಟೆ ನಿಂತರೆ ನಮ್ಮ ಮುಂದಿನ ಟ್ರಿಪ್ ಪೀಕ್ ಅವರ್ ನೋ ಎಂಟ್ರಿಗೆ ಸಿಕ್ಕಿಕೊಳ್ಳುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಮಹಡಿ ಎಷ್ಟು ಅಂತ ಸರಿಯಾಗಿ ಹೇಳಿ. 300 ರೂಪಾಯಿ ಉಳಿಸೋಕೆ ಹೇಳೋ ಸುಳ್ಳಿನ ಭಾರ ಮೆಟ್ಟಿಲಲ್ಲಿ ಕೆಳಗೆ ನಿಂತಿರೋನ ಮೇಲೆ ಬೀಳುತ್ತೆ.

ಊರಿನ ಹುಡುಗರು ಕೇಳಿದ ಪ್ರಶ್ನೆಗೆ ಉತ್ತರ: ಗಾಡಿ ತಗೊಳ್ಳಿ, ಬೇಡ ಅನ್ನಲ್ಲ. ನಾನೂ ಈ ಕೆಲಸ ಬಿಡಲ್ಲ. ಹೊಸ ಮನೆಯಲ್ಲಿ ಮಂಚ ಜೋಡಿಸಿ ಮುಗಿಸಿದಾಗ ಮಕ್ಕಳು ಹತ್ತಿ ಕುಣೀತಾರಲ್ಲ, ಅದು ನೋಡೋಕೆ ನನಗೆ ಇಷ್ಟ. ಆದರೆ ಬಾಡಿಗೆ ಹೇಳೋ ಮೊದಲು ನಿಮ್ಮ ಸಂಬಳ, ಗಾಡಿ ಸಂಬಳ, ಜೊತೆಗಿರೋನ ಸಂಬಳ ಮೂರನ್ನೂ ಎಣಿಸಿ. ಅವನ ಸಂಬಳ ಅಂದರೆ ದಿನದ ಕೂಲಿ ಮಾತ್ರ ಅಲ್ಲ, ಅವನು ಬಿದ್ದರೆ ಎತ್ತೋ ದುಡ್ಡೂ ಅದರಲ್ಲಿ ಇರಬೇಕು.

ನಾಳೆ ಬೆಳಿಗ್ಗೆ ಹೆಸರಘಟ್ಟ ರಸ್ತೆಗೆ ಒಂದು ಡೈನಿಂಗ್ ಟೇಬಲ್ ಇದೆ, ಮೊದಲನೇ ಮಹಡಿ, ಫೋಟೋ ಬಂದಿದೆ. ಹೊರಡ್ತೀನಿ.