ನಂದಿಬೆಟ್ಟವು ಅಗ್ನಿಪರ್ವತವೇ?



ಸುಮಾರು ಹತ್ತು ವರ್ಷಗಳ ಕಾಲ ನಾನು ಒಂದು ಸುಳ್ಳನ್ನು ಹೇಳಿಕೊಂಡು ಬಂದೆನು. ಬೇಕೆಂದು ಹೇಳಿದುದಲ್ಲ, ಯಾರಿಂದಲೋ ಕೇಳಿದ್ದನ್ನು ಪರೀಕ್ಷಿಸದೆ ಹೇಳಿದ್ದು. ಪ್ರತಿವರ್ಷವೂ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ನಂದಿಬೆಟ್ಟಕ್ಕೆ ಕರೆದೊಯ್ದು, 4,851 ಅಡಿಗಳ ಆ ಎತ್ತರದಲ್ಲಿ ನಿಂತು, ಮಂಜಿನೊಳಗಿಂದ ತಲೆಯೆತ್ತಿದ ಸ್ಕಂದಗಿರಿಯ ಕಡೆಗೆ ಕೈತೋರಿ, “ಇವೆಲ್ಲವೂ ಆರಿಹೋದ ಅಗ್ನಿಪರ್ವತಗಳು” ಎನ್ನುತ್ತಿದ್ದೆನು. ಫ್ಯೂಜಿ ಪರ್ವತದ ಚಿತ್ರವನ್ನು ಪಾಠದ ಪುಸ್ತಕದಲ್ಲಿ ನೋಡಿ ಬೆಳೆದ ಕಣ್ಣಿಗೆ ಬೆಟ್ಟದ ಆಕಾರವೊಂದೇ ಸಾಕ್ಷಿಯಾಗಿ ತೋರಿತು. ಅಮೃತ ಸರೋವರವನ್ನು ಜ್ವಾಲಾಮುಖದಲ್ಲಿ ನಿಂತ ನೀರೆಂದೂ ವಿವರಿಸಿದುದುಂಟು. ಅದು ಸುತ್ತಲೂ ಮೆಟ್ಟಿಲು ಕಟ್ಟಿದ ಕೊಳವೆಂಬುದು ಕಣ್ಣೆದುರಿಗೇ ಇದ್ದಿತು!

ಕೆಲವು ವರ್ಷಗಳ ಹಿಂದೆ ಹೀಗೆ ಹೋದಾಗ, ಚಿಕ್ಕಬಳ್ಳಾಪುರದ ಕಡೆಯ ಹುಡುಗನೊಬ್ಬನು ಬೆಟ್ಟದ ಮೇಲೆ ಏನೂ ಮಾತನಾಡಲಿಲ್ಲ. ಕೆಳಗಿಳಿದು ಭೋಗನಂದೀಶ್ವರನ ಗುಡಿಯ ಪ್ರಾಕಾರದಲ್ಲಿ ಕುಳಿತಿದ್ದಾಗ ಹತ್ತಿರ ಬಂದು, “ಸಾರ್, ನಮ್ಮ ತಂದೆ ಕಲ್ಲುಕುಟಿಗರು. ಈ ಸೀಮೆಯ ಬಂಡೆಯಲ್ಲಿ ಬೂದಿಯನ್ನಾಗಲಿ ಕಿಟ್ಟದಂಥ ಕಲ್ಲನ್ನಾಗಲಿ ಅವರು ಎಂದೂ ಕಂಡಿಲ್ಲ. ಇದು ಬೆಂಕಿಯ ಬೆಟ್ಟವಾದರೆ ಅದೆಲ್ಲ ಎಲ್ಲಿ ಹೋಯಿತು?” ಎಂದು ಕೇಳಿದನು. ನಾನು ಥಟ್ಟನೆ, “ಮಳೆಗೆ ಕೊಚ್ಚಿಹೋಗಿರಬೇಕು” ಎಂದುಬಿಟ್ಟೆನು. ಅವನು “ಸರಿ ಸಾರ್” ಎಂದು ಹೊರಟುಹೋದನು. ಆ “ಸರಿ” ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು.

ಕಡೆಗೆ ಭೂವಿಜ್ಞಾನವನ್ನು ಬೋಧಿಸುವ ಮಿತ್ರರೊಬ್ಬರನ್ನು ಕಂಡೆನು. ಅವರು ನಗಲಿಲ್ಲ, ನನ್ನನ್ನು ಮತ್ತೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಒಂದು ಕಲ್ಲಿನ ಚೂರನ್ನು ಕೈಯಲ್ಲಿಟ್ಟರು. ಬೆಣಚಿನ ಹರಳು, ಫೆಲ್ಡ್‌ಸ್ಪಾರಿನ ಹರಳು, ನಡುನಡುವೆ ಮಿನುಗುವ ಕಾಗೆಬಂಗಾರ: ಎಲ್ಲವೂ ಬರಿಗಣ್ಣಿಗೇ ಬೇರೆಬೇರೆಯಾಗಿ ಕಾಣುತ್ತಿದ್ದವು. ಭೂಮಿಯ ಮೇಲಕ್ಕೆ ಉಕ್ಕಿಬಂದ ಲಾವಾರಸವು ಬೇಗನೆ ಆರುವುದರಿಂದ ಅದರಲ್ಲಿ ಹರಳುಗಳು ಬೆಳೆಯಲು ಅವಕಾಶವಿಲ್ಲ. ಕಲ್ಲು ನುಣುಪಾಗಿ ಉಳಿಯುತ್ತದೆ. ಇಲ್ಲಿಯದಾದರೋ ಗ್ರಾನೈಟು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿಯೇ, ಹೊರಗಿನ ಗಾಳಿಯನ್ನು ಕಾಣದೆ, ಬಹು ನಿಧಾನವಾಗಿ ಆರಿದ್ದು. ಅದು ಉಕ್ಕಲೂ ಇಲ್ಲ, ಉಗುಳಲೂ ಇಲ್ಲ.

ಹಾಗಾದರೆ ಈ ಆಕಾರ? ಅದರ ಮೇಲಿದ್ದ ಮೈಲಿಗಟ್ಟಲೆ ದಪ್ಪದ ಕಲ್ಲುಮಣ್ಣು ಯುಗಯುಗಗಳ ಮಳೆಗಾಳಿಗೆ ಸವೆದುಹೋಯಿತು. ಭಾರ ಇಳಿದೊಡನೆ ಬಂಡೆಯು ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿರಿಯತೊಡಗಿತು. ಮೂಲೆಗಳು ಕಳಚಿಬಿದ್ದು ಬೆಟ್ಟ ದುಂಡಗಾಯಿತು. ನಮ್ಮ ಕಲ್ಲುಕುಟಿಗರು ಈ ಗುಟ್ಟನ್ನು ಪುಸ್ತಕವಿಲ್ಲದೆಯೇ ಅರಿತಿದ್ದರು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹಾಕಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಕಾದ ಪದರವು ಬಿಟ್ಟುಕೊಂಡ ಸದ್ದನ್ನು ಕಿವಿಯಿಂದಲೇ ಹಿಡಿದು ಚಪ್ಪಡಿ ಎಬ್ಬಿಸುತ್ತಿದ್ದರು. ನಾನು ಇಂಗ್ಲಿಷ್ ಪುಸ್ತಕಗಳನ್ನು ಓದಿದವನು; ಆ ಹುಡುಗನ ತಂದೆ ಬೆಟ್ಟವನ್ನೇ ಓದಿದ್ದರು.

ಲಾವಾರಸವನ್ನು ನೋಡಲೇಬೇಕೆನ್ನುವವರು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬಹುದು. ನೀರಿನೊಳಗೆ ಹರಿದು ದಿಂಬುಗಳಂತೆ ಗಟ್ಟಿಯಾದ ಕಲ್ಲು ಅಲ್ಲಿದೆ. ಶಿಖರವೇನೂ ಇಲ್ಲ, ಪ್ರವಾಸಿಗರೂ ಅಷ್ಟಕ್ಕಷ್ಟೆ.

ನಂದಿಯ ಮಹಿಮೆಗೆ ಇದರಿಂದ ಯಾವ ಕುಂದೂ ಬಾರದು. 1791ನೆಯ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ದುರ್ಗವನ್ನು ಹಿಡಿಯಲು ಪಟ್ಟ ಪಾಡಿಗೆ ಈ ಕಡಿದಾದ ಬಂಡೆಯೇ ಕಾರಣ. ಹಾಗೆಂದು ಬೆಟ್ಟವು ಕದಲದೆಂದು ತಿಳಿಯಬಾರದು. 2021ನೆಯ ಆಗಸ್ಟಿನ ಮಳೆಗೆ ಮಗ್ಗುಲು ಕುಸಿದು, ಮೇಲಕ್ಕೆ ಹೋಗುವ ರಸ್ತೆಯೇ ಕಡಿದುಹೋಗಿದ್ದಿತು.

ನಾನು ಈಗಲೂ ವಿದ್ಯಾರ್ಥಿಗಳೊಡನೆ ಹೋಗುತ್ತೇನೆ. ಮೊದಲು ಕೈಗೆ ಕಲ್ಲು ಕೊಡುತ್ತೇನೆ, ಆಮೇಲೆ ಮಾತು. ಆದರೆ ನನಗೆ ಸತ್ಯ ತಿಳಿಯುವ ವೇಳೆಗೆ ಆ ಹುಡುಗನು ವ್ಯಾಸಂಗ ಮುಗಿಸಿ ಹೋಗಿದ್ದನು. ಅವನು ಈ ಹೊತ್ತು ರೇಡಿಯೋ ಬಳಿ ಕುಳಿತಿದ್ದರೆ ಕೇಳಲಿ: ಅಂದು ನಾನು ಕೊಟ್ಟ ಉತ್ತರ ತಪ್ಪು; ನಿಮ್ಮ ತಂದೆಯವರು ಹೇಳಿದ್ದೇ ಸರಿ.